ಹಿಂದಿರುಗಿ ನೋಡುವ ಹುಲಿ

ಸತ್ತ ತಂದೆಯ ಉಗುರುಗಳ ಸಂದಿಯಲ್ಲಿ ಉಳಿದಿದ್ದ ಸಾಣೆಮರಳನ್ನು ಮಗಳು ಝೆನ್ ಬಿದಿರುಕಡ್ಡಿಯಿಂದ ತೆಗೆಯುತ್ತಿದ್ದಾಗಲೇ ಅರಮನೆಯ ಮೇಸ್ತ್ರಿ ಶೆನ್ ಅಂಗಳಕ್ಕೆ ಕಾಲಿಟ್ಟ.

ಪೆಂಗ್‌ಚೆಂಗ್‌ನ ಕಸಬುದಾರರ ಕೇರಿಯಲ್ಲಿ ಅವಳ ತಂದೆ ಯೂ ಬೋ ನಲವತ್ತು ವರ್ಷ ಹಸಿರು ಜೇಡ್ ಕಲ್ಲಿನ ಬಿಲ್ಲೆಗಳಲ್ಲಿ ಡ್ರ್ಯಾಗನ್, ಹುಲಿಗಳನ್ನು ತೇದು ಮೂಡಿಸಿದವನು. ಆ ಬಿಲ್ಲೆಗಳೆಲ್ಲ ಸತ್ತ ದೊರೆಮನೆಯವರ ಎದೆಯ ಮೇಲೆ ಕೂತು ಮಣ್ಣು ಸೇರಿದ್ದವು. ತನ್ನ ಎದೆಯ ಮೇಲೆ ಅಂಥದೊಂದನ್ನು ಇಟ್ಟುಕೊಳ್ಳುವ ಹಕ್ಕು ಅವನಿಗಿರಲಿಲ್ಲ.

“ಮುದುಕನಿಗೆ ವಯಸ್ಸಾದಷ್ಟೂ ಅವನ ಹುಲಿಗೆ ಹರೆಯ ಬಂತು,” ಎಂದ ನೆರೆಯ ಕುಂಬಾರ. “ಈ ಮೂರು ವರ್ಷದ ಬಿಲ್ಲೆ ನೋಡಿದ್ರೆ, ಇನ್ನೇನು ಗುರ್ ಅಂತಾವೆ.”

“ನಿಮ್ಮ ಗಡಿಗೆ ಒಲೆ ಮೇಲಿಟ್ರೆ ಚಟ್ ಅಂತಾವೆ, ಅಷ್ಟೇ,” ಎಂದಳು ಅವನ ಹೆಂಡತಿ.

ಶೆನ್ ಶವಕ್ಕೆ ತಲೆಬಾಗಿದ. “ಝೆನ್, ರಾಜಮಾತೆಯ ಬಿಲ್ಲೆ ಅರ್ಧಕ್ಕೆ ನಿಂತಿದೆಯಲ್ಲ, ತಗೊಂಡು ಬಾ. ಟಾನ್ ಮುಗಿಸ್ತಾನೆ. ಈ ಸಾಣೆ ಚಕ್ರಾನೂ ಅವನ ಮನೆಗೆ ಹೋಗ್ಲಿ.”

ಅವನ ಹಿಂದೆಯೇ ಬಂದಿದ್ದ ಟಾನ್ ಯೂ ಬೋನಷ್ಟೇ ಹಳೆಯ ಕಸಬುದಾರ, ನಲವತ್ತು ವರ್ಷದ ಎದುರಾಳಿ. ಝೆನ್ ತಂದುಕೊಟ್ಟ ಬಿಲ್ಲೆಯನ್ನು ಅವನು ಬೆಳಕಿಗೆ ಹಿಡಿದ. ನಡುವಿನ ತೂತಿನ ಮೇಲೆ ಡ್ರ್ಯಾಗನ್ ಏರುತ್ತಿತ್ತು. ಕೆಳಗಿನ ಹುಲಿಗೆ ಕಾಲುಗಳಿನ್ನೂ ಮೂಡಿರಲಿಲ್ಲ, ತಲೆ ಮಾತ್ರ ಹೆಗಲ ಮೇಲಿಂದ ಹಿಂದಕ್ಕೆ ತಿರುಗಿತ್ತು.

“ಕಾವಲು ಹುಲಿ ಮುಂದೆ ನೋಡ್ಬೇಕು. ಈ ತಲೆ ತೇದು ನೆಟ್ಟಗೆ ಮಾಡ್ತೀನಿ,” ಎಂದ ಟಾನ್.

ಝೆನ್‌ಳ ಕಣ್ಣು ತಂದೆಯ ಮುಖದತ್ತ ಹೊರಳಿತು. ಬಾಯಿ ಬಿಟ್ಟರೆ ಹೆಣದ ಮುಂದೆಯೇ ತಂದೆಯ ಹೆಸರು ಹೋದೀತು. ಬಿಡದಿದ್ದರೆ ಹುಲಿಯ ತಲೆಯೂ ಹೋಗುತ್ತದೆ, ತನ್ನ ಕಸಬೂ ಹೋಗುತ್ತದೆ.

*

ಮೂರು ವರ್ಷಗಳ ಹಿಂದೆ ಯೂ ಬೋನ ಕಣ್ಣಿಗೆ ಪೊರೆ ಮುಚ್ಚಿತ್ತು. ಮಗಳು ತೇದ ಮೊದಲ ಹುಲಿಯನ್ನು ಅವನು ಹೆಬ್ಬೆರಳಿನಿಂದ ನೋಡಿದ.

“ಡ್ರ್ಯಾಗನ್ ಸತ್ತೋರ ಜೀವ ಹೊತ್ಕೊಂಡು ತೂತಿನೊಳಗಿಂದ ಮೇಲಕ್ಕೆ ಹೋಗುತ್ತೆ, ಹುಲಿ ದಾರಿ ಕಾಯುತ್ತೆ. ಇದ್ಯಾಕೆ ಹಿಂದೆ ನೋಡ್ತಿದೆ?”

“ಹೋಗೋರು ಹೋಗ್ತಾರೆ ಅಪ್ಪ. ಉಳಿದೋರನ್ನ ಯಾರು ನೋಡ್ಬೇಕು?”

ಅವನ ಹೆಬ್ಬೆರಳು ಹುಲಿಯ ಕಿವಿಯ ಮೇಲೆ ನಿಂತಿತು. “ಹಾಗಾದ್ರೆ ಕಿವಿ ಇನ್ನೂ ಸ್ವಲ್ಪ ಮಡಚು. ಹಿಂದೆ ಅಳೋದು ಅದಕ್ಕೆ ಕೇಳಿಸ್ಬೇಕಲ್ಲ.”

*

“ತೇಯಬೇಡಿ ಚಿಕ್ಕಪ್ಪ. ಆ ಕುತ್ತಿಗೆ ನಂದು,” ಎಂದಳು ಝೆನ್ ಟಾನ್‌ಗೆ. “ಮೂರು ವರ್ಷದಿಂದ ಎಲ್ಲಾ ಹುಲಿನೂ ನಂದೇ. ಅಪ್ಪನಿಗೆ ಕಣ್ಣು ಕಾಣ್ತಿರ್ಲಿಲ್ಲ. ಅವರ ಹೆಬ್ಬೆರಳು ಒಪ್ಪಿದ್ದು ಮಾತ್ರ ಅರಮನೆಗೆ ಬಂತು.”

“ಅಂದ್ರೆ ನಮ್ಮ ಕಣ್ಣಿಗೆ ಮಣ್ಣೆರಚಿದ್ರಿ!” ಶೆನ್‌ನ ಮುಖ ಕೆಂಪಾಯಿತು.

“ಕೇಳಿದ್ದು ಹುಲಿ, ಕೊಟ್ಟಿದ್ದೂ ಹುಲಿ. ಒಂದಾದ್ರೂ ವಾಪಸ್ ಬಂತಾ ಸ್ವಾಮಿ?” ಎಂದಳು ಝೆನ್.

ಶೆನ್ ಟಾನ್‌ನತ್ತ ತಿರುಗಿದ. ಟಾನ್ ಕಣ್ಣು ಮುಚ್ಚಿ ಹುಲಿಯ ಮೇಲೆ ಹೆಬ್ಬೆರಳಾಡಿಸಿದ.

“ಇಂಥ ಕಿವಿ ನನ್ನ ಕೈಲಾಗಲ್ಲ. ಯೂ ಬೋ ಕೈಲೂ ಆಗ್ತಿರ್ಲಿಲ್ಲ. ಬೇಕಾದ್ರೆ ಎದ್ದು ಬಂದು ಜಗಳ ಆಡ್ಲಿ.”

ಕುಂಬಾರನ ಹೆಂಡತಿ ಅಳುತ್ತಲೇ ಕಿಸಕ್ಕನೆ ನಕ್ಕಳು. ಶೆನ್ ಗಡ್ಡ ನೀವಿಕೊಂಡ. ಕಸಬುದಾರನ ಹೆಣ ಹೊಸ್ತಿಲು ದಾಟುವಾಗ ಅವನ ಚಕ್ರ ತಿರುಗುತ್ತಿರಬೇಕು, ಆಗ ಅದಕ್ಕೆ ಕಲ್ಲು ಹಿಡಿದವರದೇ ಆ ಚಕ್ರ ಎಂಬುದು ಕೇರಿಯ ಕಟ್ಟಳೆ.

“ಹೊತ್ತಾಯ್ತು,” ಎಂದ ಶೆನ್. “ಕೂತ್ಕೋಮ್ಮ.”

ಝೆನ್ ಸೆಣಬಿನ ಶೋಕವಸ್ತ್ರದಲ್ಲೇ ಬಿಲ್ಲೆ ಹಿಡಿದು ಚಕ್ರದ ಮುಂದಿನ ಚಾಪೆಯ ಮೇಲೆ ಕೂತಳು. ಎದುರಿಗೆ, ಚಕ್ರದ ಚರ್ಮದ ಪಟ್ಟಿ ಎಳೆಯುವವರ ಜಾಗ ಖಾಲಿಯಾಗಿತ್ತು. ಕಣ್ಣು ಹೋದ ಮೇಲೆ ಯೂ ಬೋ ಕೂರುತ್ತಿದ್ದುದು ಅಲ್ಲೇ.

ಟಾನ್ ನಿಲುವಂಗಿ ಮೇಲೆತ್ತಿಕೊಂಡು ಅಲ್ಲಿ ಕೂತ. ಪಟ್ಟಿಯ ಎರಡೂ ತುದಿ ಹಿಡಿದ.

“ಜೋರಾಗಿ ಎಳೀಲಾ, ನಿಧಾನಕ್ಕಾ?”

“ನಿಧಾನಕ್ಕೆ ಚಿಕ್ಕಪ್ಪ.”

ಹೊರುವವರು ಹೆಣದ ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಒದ್ದೆ ಮರಳು ಕಲ್ಲಿಗೆ ತಾಗಿ ಸರ್ರೆಂದಿತು. ಟಾನ್‌ನ ಬಿಳಿತಲೆ ಪಟ್ಟಿಯೊಡನೆ ಹಿಂದಕ್ಕೂ ಮುಂದಕ್ಕೂ ತೂಗತೊಡಗಿತು.