ಡಿಕ್ಕಿಯೊಳಗಿನ ನೆಗ್ಗು

ಹಾಸನದ ಮೈದಾನಕ್ಕೆ ಬಂದ ಜನ ಹಳೇ ಕಾರುಗಳನ್ನು ನೋಡಲು ಬಂದಿದ್ದರೋ, ಅವಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳಲು ಬಂದಿದ್ದರೋ ಕಾಂತರಾಜುವಿಗೆ ಅರ್ಥವಾಗಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ಅವನು ಕೈಯಲ್ಲೊಂದು ಮೆತ್ತನೆಯ ಬಟ್ಟೆ ಹಿಡಿದು ಆ ಮೆರೂನ್ ಬಣ್ಣದ ಫಿಯೆಟ್ಟನ್ನು ಸುತ್ತುತ್ತಲೇ ಇದ್ದ.

“ಲೇ, ಬೆಲ್ಟಿನ ಬಕಲ್ ತಾಕ್ತದೆ. ಅತ್ಲಾಗ್ ನಿಂತ್ಕೊ.”

“ನೋಡಕ್ಕೆ ತಾನೆ ಅಣ್ಣ ಇಟ್ಟಿರಾದು?”

“ಕಣ್ಣಲ್ಲಿ ನೋಡು. ಸೊಂಟದಲ್ಲಿ ಏನ್ಲಾ ನೋಡಾದು?”

ಹುಡುಗರು ನಕ್ಕು ಪಕ್ಕದ ಜೀಪಿಗೆ ಹೋಗಿ ಒರಗಿದರು.

ಕಾರು ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಗೌರೀಶಂಕರನದು. ಅವನ ತಂದೆ ಓಡಿಸುತ್ತಿದ್ದ ಗಾಡಿ, ಕೊಬ್ಬರಿ ಮಂಡಿಯ ಹಿಂದೆ ತುಕ್ಕು ಹಿಡಿದು ಕೋಳಿ ಮೊಟ್ಟೆಯಿಡುವ ಜಾಗವಾಗಿತ್ತು. ಅದನ್ನು ಎಂಟು ತಿಂಗಳು ಬಡಿದು, ಬೆಸೆದು, ಉಜ್ಜಿ ಈ ರೂಪಕ್ಕೆ ತಂದವನು ಕಾಂತರಾಜು. ಮೇಲ್ಛಾವಣಿ ನಾಲ್ಕಿಂಚು ಕತ್ತರಿಸಿ ಇಳಿಸಿದ್ದ. ಹಿಂದಕ್ಕೆ ಅಗಲದ ಟೈರು ಹಾಕಿ, ಮುಂದೆ ಎಂಜಿನ್ ಕಾಣುವಂತೆ ಬಾನೆಟ್ಟಿನ ಎರಡೂ ಪಕ್ಕ ತೆರೆದಿದ್ದ. ಮೈದಾನದಲ್ಲಿ ಸಾಲಾಗಿ ನಿಂತ ಅಷ್ಟು ಕಾರುಗಳಲ್ಲೂ ಜನ ಮೊದಲು ಈ ಕಾರಿನ ಹತ್ತಿರವೇ ನಿಲ್ಲುತ್ತಿದ್ದರು.

ಹನ್ನೊಂದಕ್ಕೆ ಮೈಸೂರಿನಿಂದ ಸಿದ್ದೇಶ್ವರ ಎಂಬವರು ಬರುವವರಿದ್ದರು. ಅವರ ಬಳಿ ಕೆಲಸಕ್ಕೆ ಕಾದಿರುವ ಮೂರು ಹಳೇ ಗಾಡಿಗಳಿದ್ದವು. ಈ ಫಿಯೆಟ್ ಮೆಚ್ಚಿದರೆ ಮೂರೂ ಕಾಂತರಾಜುವಿನ ಟಿಂಕರಿಂಗ್ ಶೆಡ್ಡಿಗೆ ಬರುತ್ತವೆ. ಮೆಚ್ಚದಿದ್ದರೆ ಸೋಮವಾರ ಅವನು ಶೆಡ್ಡಿಗೆ ಬೀಗ ಹಾಕಿ ಬೈಪಾಸಿನ ದೊಡ್ಡ ವರ್ಕ್‌ಶಾಪಿಗೆ ಕೆಲಸಕ್ಕೆ ಬರುತ್ತೇನೆಂದು ಹೇಳಬೇಕು. ಅಲ್ಲಿ ನೆಗ್ಗಿದ ಬಾಗಿಲನ್ನು ಯಾರೂ ಬಡಿಯುವುದಿಲ್ಲ, ಬಿಚ್ಚಿ ಎಸೆದು ಹೊಸದು ಹಾಕುತ್ತಾರೆ. ಇಪ್ಪತ್ತೆರಡು ವರ್ಷ ಸುತ್ತಿಗೆ ಹಿಡಿದ ಕೈಗೆ ಸ್ಪ್ಯಾನರ್ ಕೊಟ್ಟು ಕೂರಿಸುತ್ತಾರೆ.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ನಿಂತವನಿಗೆ ಗೌರೀಶಂಕರನ ತಾಯಿ ದಾಕ್ಷಾಯಣಮ್ಮ ಬೇರೆ ಗಂಟುಬಿದ್ದಿದ್ದರು. ಬರುವಾಗ ಶಾಂತಿಗ್ರಾಮದಲ್ಲಿ ಗಾಡಿ ನಿಲ್ಲಿಸಿ ನಿಂಬೆಹಣ್ಣು ಕೊಳ್ಳಿಸಿದ್ದರು. ಮೈದಾನಕ್ಕೆ ಬಂದ ಮೇಲೆ ನಾಲ್ಕೂ ಚಕ್ರಕ್ಕೆ ಇಟ್ಟು ಗಾಡಿ ಮುಂದಕ್ಕೆ ತೆಗೆಸಿದ್ದರು. ರಸ ಟೈರಿನ ಬಿಳಿ ಪಟ್ಟಿಗೆ ಹಾರಿತು. ಕಾಂತರಾಜು ಮಂಡಿಯೂರಿ ಒರೆಸಿದ. ಆಮೇಲೆ ಕಾಡಿಗೆ ಡಬ್ಬಿ ಹೊರಬಂತು. ಬಾನೆಟ್ಟಿನ ನಟ್ಟನಡುವೆ ಕಾಸಿನಗಲ ದೃಷ್ಟಿಬೊಟ್ಟು. ಅವನು ಒರೆಸಿದ. ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಬೊಟ್ಟು. ಮತ್ತೆ ಒರೆಸಿದ. ಈಗ ಮೂರನೇ ಸಲ ಆಕೆಯ ಹರಳುಂಗುರದ ಬೆರಳು ಡಬ್ಬಿಯೊಳಗಿತ್ತು.

“ಅಮ್ಮಾವ್ರೆ, ಕೈ ಮುಗಿತೀನಿ. ಎಂಟು ಕೋಟ್ ಬಣ್ಣ ವಡ್ದಿದೀನಿ. ಮಖ ಕಾಣಂಗೆ ಉಜ್ಜಿದೀನಿ.”

“ಅದಕ್ಕೇ ಹೇಳೋದು ಕಣಪ್ಪ. ಇಷ್ಟು ಜನ ಬಾಯಿ ಬಿಟ್ಕೊಂಡು ನೋಡ್ತಾವ್ರೆ. ಒಬ್ಬರ ಕಣ್ಣಿದ್ದಂಗೆ ಇನ್ನೊಬ್ಬರದು ಇರ್ತದಾ?”

“ನೋಡ್ಲಿ ಅಂತ್ಲೇ ಅಲ್ವಾ ತಂದಿರಾದು? ನೋಡಬಾರದು ಅಂದ್ರೆ ಕೊಬ್ಬರಿ ಚೀಲದಡಿ ಮುಚ್ಚಿಡಿ. ಯಾವ ಕಾಲದಲ್ಲಿದೀರಿ? ಕಣ್ಣು ತಾಗ್ತದಂತೆ, ಕಣ್ಣು.”

“ಕಾಂತಣ್ಣ, ಸ್ವಲ್ಪ ಮೆತ್ತಗೆ,” ಎಂದ ಗೌರೀಶಂಕರ. ಅಮ್ಮನಿಗೂ ಹೇಳಲಾರ, ಇವನಿಗೂ ಹೇಳಲಾರ. ಕೊನೆಗೆ ಮೊಬೈಲ್ ಕಿವಿಗಿಟ್ಟುಕೊಂಡು ಯಾರದೋ ಕರೆ ಬಂದವನಂತೆ ದೂರ ಹೋದ. ಅಷ್ಟರಲ್ಲಿ ಆಕೆ ಇಟ್ಟೇಬಿಟ್ಟಿದ್ದ ಮೂರನೇ ಬೊಟ್ಟನ್ನೂ ಕಾಂತರಾಜು ಒರೆಸಿದ. ದಾಕ್ಷಾಯಣಮ್ಮ ಡಬ್ಬಿ ಮುಚ್ಚಿ ಕುರ್ಚಿಯಲ್ಲಿ ಮುಖ ತಿರುಗಿಸಿ ಕುಳಿತರು.

ಸಿದ್ದೇಶ್ವರ ಹನ್ನೊಂದೂವರೆಗೆ ಬಂದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಬಾಗಿಲಿನ ಉದ್ದಕ್ಕೂ ಬೆಳಕು ಹರಿಯುವುದನ್ನು ನೋಡಿದರು. ಎಲ್ಲೂ ಅಲೆಯಿಲ್ಲ. ಛಾವಣಿ ಇಳಿಸಲು ಕತ್ತರಿಸಿ ಕೂಡಿಸಿದ್ದ ಕಂಬದ ಮೇಲೆ ಬೆರಳಾಡಿಸಿದರು. ಬೆಸುಗೆಯ ಗುರುತು ಸಿಗಲಿಲ್ಲ.

“ಪುಟ್ಟಿ ಮೆತ್ತಿದೀರಾ?”

“ಇಲ್ಲ ಸಾ. ಬರೀ ತಗಡು ಬಡ್ದೇ ನುಣುಪು ತಂದಿರಾದು.”

ಅವರು ತಲೆಯಾಡಿಸಿದರು. ಕಾಂತರಾಜುವಿನ ಎದೆ ಹಗುರವಾಗುವಷ್ಟರಲ್ಲಿ ಅವರು ಹಿಂದಕ್ಕೆ ಹೋಗಿ ಡಿಕ್ಕಿ ಎತ್ತಿದರು. ಒಳಗೆ, ಎಡಮೂಲೆಯಲ್ಲಿ, ಹೆಬ್ಬೆರಳು ಕೂರುವಷ್ಟು ದೊಡ್ಡ ನೆಗ್ಗು. ಮೇಲೆ ಬಣ್ಣ ಮಾತ್ರ ಚೊಕ್ಕವಾಗಿ ಬಿದ್ದಿತ್ತು.

“ಇದೇನ್ರಿ? ಇಷ್ಟೆಲ್ಲ ಮಾಡಿ ಇದನ್ನ ಯಾಕೆ ಬಿಟ್ರಿ?”

ಕಾಂತರಾಜು ಕುರ್ಚಿಯ ಕಡೆ ನೋಡಿದ. ದಾಕ್ಷಾಯಣಮ್ಮನ ಮುಖ ಇತ್ತ ತಿರುಗಿತ್ತು. ದನಿ ತಗ್ಗಿಸಿ ಅಂದ, “ಬೇಕು ಅಂತ್ಲೇ ಬಿಟ್ಟಿರಾದು ಸಾ. ನಮ್ಮ ಮೇಷ್ಟ್ರು ಪರಮಶಿವಯ್ಯ ಅಂತ, ಕೆಲಸ ಕಲಿಸಿದೋರು. ಒಂದು ನೆಗ್ಗು ಬಿಡು ಅಂತಿದ್ರು.”

“ಯಾಕೆ?”

“ದೃಷ್ಟಿಗೆ.”

“ಏನಂದೆ? ಜೋರಾಗಿ ಹೇಳಪ್ಪ,” ಎಂದರು ದಾಕ್ಷಾಯಣಮ್ಮ. “ವಯಸ್ಸಾತು, ಕಿವಿ ಮಂದ. ಯಾವ ಕಾಲದೋಳೋ ನಾನು.”

ಕಾಂತರಾಜುವಿನ ಕಿವಿ ಬಿಸಿಯಾಯಿತು. ಸಿದ್ದೇಶ್ವರ ನಗಲಿಲ್ಲ. ಡಿಕ್ಕಿ ಮುಚ್ಚಿ ಹೇಳಿದರು, “ಕೆಲಸ ಚೆನ್ನಾಗಿದೆ. ಮೂರೂ ಗಾಡಿ ನಿಮಗೇ ಕೊಡ್ತೀನಿ. ಆದ್ರೆ ನನ್ನ ಗಾಡೀಲಿ ಇಂಥದ್ದು ಬೇಡ. ಒಳಗೂ ಹೊರಗೂ ಒಂದು ನೆಗ್ಗೂ ಇರಬಾರದು. ಆಗುತ್ತಾ?”

ಆಗುತ್ತೆ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಕಾಂತರಾಜು ಮುಚ್ಚಿದ ಡಿಕ್ಕಿಯನ್ನು ಬಟ್ಟೆಯಿಂದ ಒರೆಸತೊಡಗಿದ. ಒಂದೇ ಒಂದು ಸಲ, ಹದಿನೈದು ವರ್ಷದ ಹಿಂದೆ, ಮಾಲೀಕನ ಹಟಕ್ಕೆ ಮಣಿದು ಒಂದು ಜೀಪಿನ ಕೊನೇ ನೆಗ್ಗನ್ನೂ ಬಡಿದು ಎತ್ತಿಬಿಟ್ಟಿದ್ದ. ಮೂರನೇ ದಿನ ಅದು ಕೊಣನೂರಿನ ತಿರುವಿನಲ್ಲಿ ಹಳ್ಳಕ್ಕೆ ಬಿತ್ತು. ಓಡಿಸುತ್ತಿದ್ದವನು ಇಂದಿಗೂ ಕಾಲೆಳೆದು ನಡೆಯುತ್ತಾನೆ. ಬ್ರೇಕು ಕೆಟ್ಟಿತ್ತು ಅಂತ ಎಲ್ಲರೂ ಹೇಳಿದರು. ಕಾಂತರಾಜುವಿಗೂ ಅದು ಗೊತ್ತಿತ್ತು. ಗೊತ್ತಿದ್ದರೂ ಆಮೇಲೆ ಯಾವ ಗಾಡಿಯಲ್ಲೂ ನೆಗ್ಗು ಬಿಡದೆ ಕಳಿಸಲು ಕೈ ಬಂದಿರಲಿಲ್ಲ.

“ಆಗಲ್ಲ ಅಂದ್ರೆ ಈಗ್ಲೇ ಹೇಳಿ. ಬೇರೆಯವರನ್ನ ನೋಡ್ತೀನಿ,” ಎಂದರು ಸಿದ್ದೇಶ್ವರ.

“ಆಗ್ತದೆ ಸ್ವಾಮಿ,” ಎಂದರು ದಾಕ್ಷಾಯಣಮ್ಮ, ಕುರ್ಚಿಯಿಂದ ಏಳುತ್ತಾ. “ಅವನು ನೆಗ್ಗು ಎತ್ಲಿ. ನಾನು ಬೊಟ್ಟು ಇಡ್ತೀನಿ. ನಿಮ್ಮ ಮನೆ ಸೇರಿದ ಮೇಲೆ ಒರೆಸ್ಕೊಳಿ. ಗುರುತು ಉಳಿಯಲ್ಲ, ಬೆಳಿಗ್ಗೆಯಿಂದ ಮೂರು ಸಲ ಒರೆಸಿದಾನೆ, ಕಾಣ್ತದಾ ನೋಡಿ.”

ಸಿದ್ದೇಶ್ವರ ಬಾನೆಟ್ಟಿಗೆ ಬಗ್ಗಿ ನೋಡಿದರು. ಕಂಡದ್ದು ಅವರ ಮುಖವೇ. “ಒರೆಸಿದ್ರೆ ಹೋಗೋದಾದ್ರೆ ನನ್ನದೇನೂ ಅಡ್ಡಿಯಿಲ್ಲ,” ಎಂದು ಕಾಂತರಾಜುವಿನ ನಂಬರ್ ಬರೆದುಕೊಂಡು, ಬುಧವಾರ ಮೊದಲ ಗಾಡಿ ಕಳಿಸುತ್ತೇನೆಂದು ಹೇಳಿ ಮುಂದಿನ ಕಾರಿಗೆ ಹೋದರು.

“ಬಣ್ಣ ಒಣಗಿದ ದಿನ ಫೋನ್ ಮಾಡು,” ದಾಕ್ಷಾಯಣಮ್ಮ ಶುರುಮಾಡಿದರು. “ಸೋಮವಾರ ನಾನು ಬರಲ್ಲ, ಗುಡಿಗೆ ಹೋಗ್ತೀನಿ. ನಿಂಬೆಹಣ್ಣು ನೀನೇ ತಂದಿಟ್ಟಿರಬೇಕು. ಶೆಡ್ಡಲ್ಲಿ ಕೂರಕ್ಕೆ ಕುರ್ಚಿನಾದ್ರೂ ಐತಾ?”

ಇನ್ನು ಮೂರು ಗಾಡಿ ಮುಗಿಯುವವರೆಗೆ ಈಕೆ ಶೆಡ್ಡಿನಲ್ಲಿ. ಕಾಂತರಾಜು ಕಣ್ಣು ಮುಚ್ಚಿ ತೆರೆದ. ಆಕೆ ಆಗಲೇ ಡಬ್ಬಿ ತೆರೆದು ಬಾನೆಟ್ಟಿನ ಮುಂದೆ ನಿಂತಿದ್ದರು.

“ಇಡಿ,” ಎಂದ ಅವನು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು. “ಮೊದ್ಲು ಆ ಉಂಗುರ ಬಿಚ್ಚಿ.”