ಬಾರ್ಲಿಯ ಚರಟ

ತನಗೆ ನಾಚಿಕೆಯೇ ಆಗುತ್ತಿಲ್ಲವಲ್ಲ ಎಂಬುದು ಯಶ್ಮಿತಾಳ ಚಿಂತೆಯಾಗಿತ್ತು. ಇದನ್ನು ಅವಳು ಯಾರಲ್ಲೂ ಹೇಳಿಕೊಂಡಿರಲಿಲ್ಲ. ಆದಿತ್ಯವಾರ ಬೆಳಿಗ್ಗೆ ಬಚ್ಚಲಿನ ಹಿಂದೆ ಕುಕ್ಕರುಗಾಲಲ್ಲಿ ಕುಳಿತು, ಬಾಲ್ದಿಯೊಳಗಿನ ಬಿಸಿ ಚರಟವನ್ನು ಕೋಲಿನಿಂದ ಮಗುಚಿ ಆರಿಸುವಾಗಲೆಲ್ಲ ಅದು ನೆನಪಾಗುತ್ತಿತ್ತು. ಸುಳ್ಳು ಹೊತ್ತುಕೊಂಡು ಹೋಗುವವರ ಎದೆ ಸ್ವಲ್ಪವಾದರೂ ಹೊಡೆದುಕೊಳ್ಳಬೇಕು. ಅವಳಿಗೆ ಏನೂ ಆಗುತ್ತಿರಲಿಲ್ಲ. ಬಾಲ್ದಿ ಭಾರ, ಅಷ್ಟೇ.

ಅಪ್ಪ ತೀರಿಕೊಂಡ ದಿನವೂ ಹೀಗೆಯೇ ಆಗಿತ್ತು. ಮನೆ ತುಂಬ ಜನ ಅಳುತ್ತಿದ್ದಾಗ ಅವಳು ಬಂದವರಿಗೆ ಚಾ ಸಾಕಾಗುತ್ತದೋ ಇಲ್ಲವೋ ಎಂದು ಯೋಚಿಸುತ್ತಿದ್ದಳು. ಡಿಗ್ರಿ ಮುಗಿಸಿ ಮನೆಯಲ್ಲಿದ್ದಾಳೆ, ಮಾತು ಕಡಿಮೆ, ಹಾಗಾಗಿ ಯಾರೂ ಅದನ್ನು ಗಮನಿಸಲಿಲ್ಲ. ಅಪ್ಪನಿಗೆ ಏನಾಗಿತ್ತು ಎಂದು ಕೇಳಿದವರಿಗೆಲ್ಲ ಅಮ್ಮ ‘ಜಾಂಡಿಸ್’ ಎಂದಳು. ಲಿವರ್ ಹೋದದ್ದು ಯಾಕೆಂದು ದರ್ಬೆಯ ಅವರ ಒಳರಸ್ತೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರೂ ‘ಹೌದಾ, ಜಾಂಡಿಸಾ’ ಎಂದು ತಲೆಯಾಡಿಸಿದರು.

ಈಗ ಅಣ್ಣ ಸೂರಜ್ ಮನೆಯಲ್ಲೇ ಬಿಯರ್ ಮಾಡುತ್ತಾನೆ. ಮೊಬೈಲ್ ಅಂಗಡಿಯಲ್ಲಿ ಕೆಲಸ. ಪುರುಸೊತ್ತಿನಲ್ಲಿ ವೀಡಿಯೊ ನೋಡಿ ಕಲಿತದ್ದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಪಾರ್ಸೆಲಿನಲ್ಲಿ ಬರುತ್ತದೆ. ಅದನ್ನು ನುಚ್ಚು ಮಾಡಿ, ಹಿಂದೆ ಭತ್ತ ಬೇಯಿಸುತ್ತಿದ್ದ ದೊಡ್ಡ ಪಾತ್ರೆಯಲ್ಲಿ ಬಿಸಿನೀರಿಗೆ ಹಾಕಿಟ್ಟು, ಬಟ್ಟೆಯಲ್ಲಿ ಸೋಸುತ್ತಾನೆ. ಸೋಸಿದ ರಸ ಕುದಿದು ಆರಿ, ಯೀಸ್ಟಿನ ಜೊತೆ ನೀರಿನ ಕ್ಯಾನಿಗೆ ಸೇರಿ, ಉಗ್ರಾಣದ ಕತ್ತಲೆಯಲ್ಲಿ ಗುಳುಗುಳು ಎನ್ನುತ್ತಿರುತ್ತದೆ. ಬಟ್ಟೆಯಲ್ಲಿ ಉಳಿದ ಚರಟ ಪಕ್ಕದ ಮನೆಯ ರುಖಿಯಮ್ಮನ ಆಡುಗಳಿಗೆ.

ಅದಕ್ಕೆ ಒಂದು ಕಾರಣವಿತ್ತು. ಮೊದಲನೇ ಸಲ ಅಮ್ಮ ಚರಟವನ್ನು ತೆಂಗಿನ ಬುಡಕ್ಕೆ ಸುರಿಯಲು ಹೊರಟಾಗ ರುಖಿಯಮ್ಮ ಕಂಪೌಂಡಿನಾಚೆಯಿಂದ, “ಎಂತದು ಅದು, ಇಷ್ಟು ಒಳ್ಳೆ ಪರಿಮಳ? ಬಿಸಾಡ್ಬೇಡಿ, ನನ್ನ ಆಡುಗಳಿಗೆ ಕೊಡಿ” ಎಂದಿದ್ದರು. ಅಮ್ಮನ ಬಾಯಿಂದ ತಡವಿಲ್ಲದೆ ಬಂತು: “ಬಾರ್ಲಿ. ಸೂರಜನಿಗೆ ಕಿಡ್ನಿಯಲ್ಲಿ ಕಲ್ಲು. ಬಾರ್ಲಿ ನೀರು ಕುಡಿಯುದು.”

ಅಂದಿನಿಂದ ಸೂರಜನಿಗೆ ಕಿಡ್ನಿಯಲ್ಲಿ ಕಲ್ಲಾಯಿತು.

ಒಂದು ಆದಿತ್ಯವಾರ ಅವಳು ಬಾಲ್ದಿ ಹಿಡಿದು ಹೋದಾಗ ರುಖಿಯಮ್ಮ ಹಲಸಿನ ಸೊಪ್ಪು ಕಟ್ಟುತ್ತಿದ್ದರು. ಗಂಡ ಹೋದ ಮೇಲೆ ಆಡುಗಳೇ ಅವರ ಸಂಗಾತಿ. ಅಪ್ಪನಿಗೆ ಬೇರೆ ಯಾವ ಹಾಲೂ ಹಿಡಿಸದಿದ್ದ ಕೊನೆಯ ತಿಂಗಳುಗಳಲ್ಲಿ ದಿನಾ ಬೆಳಿಗ್ಗೆ ಆಡಿನ ಹಾಲು ತಂದು ಜಗಲಿಯಲ್ಲಿಟ್ಟು, ಗಂಟೆ ಕೂಡ ಒತ್ತದೆ ಹೋಗುತ್ತಿದ್ದವರು ಅವರು.

“ಬಂದ್ಯಾ ಮಗಳೇ? ಅಣ್ಣನ ಕಲ್ಲು ಬಿತ್ತಾ?”

“ಇಲ್ಲ ರುಖಿಯಮ್ಮ.”

“ಇಷ್ಟು ಬಾರ್ಲಿ ಕುಡಿದರೂ ಬೀಳ್ಲಿಲ್ವಾ? ಹಾಗಾದ್ರೆ ಅದು ಕಲ್ಲಲ್ಲ ಮಾರಾಯ್ತಿ, ಪಾದೆ, ದೊಡ್ಡ ಬಂಡೆ.” ಅವರು ತಮ್ಮ ಮಾತಿಗೆ ತಾವೇ ನಕ್ಕು, ಮತ್ತೆ ದನಿ ಇಳಿಸಿದರು. “ನಾನು ದುವಾ ಮಾಡ್ತೇನೆ ಅವನಿಗೆ. ಸಣ್ಣ ಪ್ರಾಯ. ನೋವು ತಿನ್ನುದು ಪಾಪ.”

ಯಶ್ಮಿತಾ ಬಾಲ್ದಿ ಕೆಳಗಿಟ್ಟಳು. ಉಳಿದ ಆಡುಗಳು ಬಿಡುಬೀಸಾಗಿ ತಿರುಗುತ್ತಿದ್ದರೂ ಕಂದು ಬಣ್ಣದ ದೊಡ್ಡ ಹೋತವೊಂದನ್ನು ಮಾತ್ರ ಪೇರಳೆ ಮರಕ್ಕೆ ಕಟ್ಟಿದ್ದರು.

“ಇದನ್ನು ಯಾಕೆ ಕಟ್ಟಿದ್ದು?”

“ಬಕ್ರೀದಿಗೆ ಅಲ್ವಾ. ಅವರ ಹೆಸರಲ್ಲಿ ಒಂದು ಕುರ್ಬಾನಿ ಕೊಡ್ಬೇಕು ಅಂತ ಮನಸ್ಸಲ್ಲಿ ಉಂಟು. ಸಂತೆಯಿಂದ ತಂದದ್ದಲ್ಲ, ನನ್ನ ಕೈಯಲ್ಲೇ ಸಾಕಿದ್ದು.” ಗಂಡನನ್ನು ಅವರು ಹೆಸರು ಹಿಡಿದು ಹೇಳುವುದಿಲ್ಲ. “ಬಿಟ್ಟರೆ ರಸ್ತೆ ಬದಿಯ ಕಸದ ರಾಶಿಗೆ ಬಾಯಿ ಹಾಕ್ತದೆ. ಕೊಳಕು ತಿಂದ ಪ್ರಾಣಿಯನ್ನು ಹಾಗೇ ಕೊಡ್ಲಿಕ್ಕಿಲ್ಲ. ಕಟ್ಟಿ ಹಾಕಿ ಕೆಲವು ದಿನ ಶುದ್ಧದ್ದೇ ತಿನ್ನಿಸ್ಬೇಕು ಅಂತ ನಮ್ಮ ಹಿರಿಯರು ಹೇಳುದು. ಹಾಗೆ ನನ್ನ ಸೊಪ್ಪು, ನಿಮ್ಮ ಬಾರ್ಲಿ. ಬೇರೆ ಎಂತದೂ ಇಲ್ಲ.”

“ಹೆಸರು ಇಟ್ಟಿದ್ದೀರಾ?”

“ಇಲ್ಲಪ್ಪ. ಹೆಸರಿಟ್ಟರೆ ಮತ್ತೆ ಕೊಡ್ಲಿಕ್ಕೆ ಮನಸ್ಸು ಬರುದಿಲ್ಲ.”

ಹೋತ ಬಾಲ್ದಿಯೊಳಗೆ ಕಿವಿಯವರೆಗೂ ಮುಖ ತೂರಿಸಿ ತಿನ್ನುತ್ತಿತ್ತು. ಯಶ್ಮಿತಾ ಖಾಲಿಯಾಗುವವರೆಗೂ ನಿಂತಿದ್ದು, ಬಾಲ್ದಿ ತೆಗೆದುಕೊಂಡು ಮನೆಗೆ ಬಂದಳು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವಳು ತಟ್ಟೆ ನೋಡುತ್ತಲೇ ಹೇಳಿದಳು. “ಇನ್ನು ರುಖಿಯಮ್ಮನಿಗೆ ಚರಟ ಕೊಡುದು ಬೇಡ. ಆ ಹೋತ ಕುರ್ಬಾನಿಗೆ ಅಂತೆ.”

“ಹಾಗಾದ್ರೆ ಒಳ್ಳೆದೇ ಅಲ್ವಾ, ದಪ್ಪ ಆಗ್ಲಿ” ಎಂದ ಸೂರಜ್.

“ಅವರು ಅದಕ್ಕೆ ಶುದ್ಧದ್ದೇ ತಿನ್ನಿಸ್ಬೇಕು ಅಂತ ಕಟ್ಟಿಹಾಕಿದ್ದಾರೆ. ಇದು ಬಿಯರಿನದ್ದು ಅಂತ ಗೊತ್ತಿಲ್ಲ ಅವರಿಗೆ.”

ಸೂರಜ್ ಮೀನಿನ ಮುಳ್ಳನ್ನು ಬದಿಗಿಟ್ಟು ಅವಳನ್ನು ನೋಡಿದ. ಅವನು ಕೆಟ್ಟವನಲ್ಲ. ಯಾರೇನೇ ಕೇಳಿದರೂ ಬಿಡಿಸಿ ಹೇಳುವ ತಾಳ್ಮೆ ಅವನಿಗೆ ಇತ್ತು. “ಯಶು, ಚರಟದಲ್ಲಿ ಎಂತ ಉಂಟು? ಯೀಸ್ಟ್ ಹಾಕುವ ಮುಂಚೆಯೇ ತೆಗೆಯುದು ಅದು. ಬರೀ ಬೆಂದ ಬಾರ್ಲಿ. ದೊಡ್ಡ ದೊಡ್ಡ ಡೈರಿಯವರು ದನಕ್ಕೆ ಹಾಕುದು ಇದೇ. ಅದರಲ್ಲಿ ಅಮಲಿನ ಒಂದು ಹನಿ ಇಲ್ಲ.”

“ಬಿಯರ್ ತೆಗೆದ ಮೇಲೆ ಕ್ಯಾನಿನ ಅಡಿಯಲ್ಲಿ ಉಳಿದ ಮಡ್ಡಿಯನ್ನೂ ಅದೇ ಬಾಲ್ದಿಗೆ ಸುರೀತೀಯಲ್ಲ.”

ಅವನು ಮತ್ತೆ ಮೀನಿನ ಮುಳ್ಳು ಬಿಡಿಸತೊಡಗಿದ. “ಅದು ಯಾವಾಗಾದರೊಮ್ಮೆ. ಚೆಲ್ಲಲಿಕ್ಕೆ ಹೋದರೆ ಚರಂಡಿ ನಾರ್ತದೆ ಅಂತ. ಹೋತ ಎಂತ ತೂರಾಡಿತಾ? ತೂರಾಡಿದರೆ ಹೇಳು, ಮುಂದಿನ ಶನಿವಾರ ಸಂಪ್ರೀತನ ಪಕ್ಕದಲ್ಲಿ ಅದಕ್ಕೂ ಒಂದು ಕುರ್ಚಿ ಹಾಕುವ.”

ಸಂಪ್ರೀತ್ ಎಂದರೆ ಶನಿವಾರ ರುಚಿ ನೋಡಲು ಬರುವ ಗೆಳೆಯ. ಮೊದಲು ಶನಿವಾರ ಮಾತ್ರ ಬರುತ್ತಿದ್ದ. ಈಗೀಗ ಬುಧವಾರವೂ ಬರುತ್ತಾನೆ. ಅವನು ಬಾರದ ದಿನಗಳಲ್ಲೂ ಸೂರಜನ ಕೋಣೆಯಿಂದ ಲೋಟದ ಸದ್ದು ಕೇಳುತ್ತದೆ.

“ರುಖಿಯಮ್ಮನಿಗೆ ಹೇಳುವ” ಎಂದಳು ಯಶ್ಮಿತಾ. “ಆಗ್ತದಾ ಆಗುದಿಲ್ವಾ ಅಂತ ಅವರೇ ಯೋಚನೆ ಮಾಡ್ಲಿ.”

ಈಗ ಅಮ್ಮ ಮಾತಾಡಿದಳು. “ಹೇಳಿ? ವರ್ಷದಿಂದ ಸಾಕಿದ್ದನ್ನು ಅವರು ಎಂತ ಮಾಡುದು? ಗೊತ್ತಿಲ್ಲದೆ ಆದದ್ದಕ್ಕೆ ಅವರಿಗೆ ಪಾಪ ಇಲ್ಲ. ನೀನು ಹೇಳಿದ ಮೇಲೆ ಉಂಟು. ಮನೆಯಲ್ಲಿ ಇಂಥದ್ದು ಮಾಡ್ತೇವೆ ಅಂತ ಅಬಕಾರಿಯವರ ಕಿವಿಗೆ ಬಿದ್ದರೆ ಇವನ ಗತಿ ಎಂತ?”

“ಅಮ್ಮ, ಇವನು ದಿನಾ ಕುಡಿಯುದು...”

“ಗೊತ್ತುಂಟು ನನಗೆ.” ಅಮ್ಮ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ಅವಳ ದನಿ ಏರಲಿಲ್ಲ. “ನಿನ್ನ ಅಪ್ಪನನ್ನು ನಾನು ಯಾವ ಯಾವ ಅಂಗಡಿ ಮೆಟ್ಟಿಲಿಂದ ಎಬ್ಬಿಸಿ ತಂದಿದ್ದೇನೆ ಅಂತ ನಿನಗೆ ಗೊತ್ತಿಲ್ಲ. ಇವ ಮನೆಯೊಳಗೆ ಇದ್ದಾನೆ. ರಾತ್ರಿ ಬಾಗಿಲು ಹಾಕಿ ಮಲಗ್ತೇನೆ ನಾನು. ಅಷ್ಟು ಸಾಕು.”

ಯಶ್ಮಿತಾ ಅನ್ನ ಕಲಸಿದಳು. ಅಮ್ಮನ ಮಾತು ಸುಳ್ಳಲ್ಲ. ಅಣ್ಣನದ್ದೂ ಅರ್ಧ ಸರಿಯೇ. ಇಬ್ಬರ ಮಾತಿನ ನಡುವೆ ತನ್ನದೊಂದು ಮಾತು ಎಲ್ಲೋ ಇರಬೇಕು ಎನಿಸಿತು. ಹುಡುಕಿದರೆ ಸಿಗಲಿಲ್ಲ. ಊಟ ಮುಗಿಸಿ ಪಾತ್ರೆ ತೊಳೆದಳು.

ವಾರ ಹಾಗೆಯೇ ಹೋಯಿತು. ಮೇ ತಿಂಗಳ ಸೆಕೆಗೆ ಉಗ್ರಾಣದ ಕ್ಯಾನ್ ಹೆಚ್ಚೇ ಗುಳುಗುಳು ಎನ್ನುತ್ತಿತ್ತು. ಬುಧವಾರ ಸೂರಜ್ ಕೆಲಸಕ್ಕೆ ಹೋಗಲಿಲ್ಲ; ಅಂಗಡಿಯ ಯಜಮಾನ ಫೋನ್ ಮಾಡಿದಾಗ ಅಮ್ಮ ಜ್ವರ ಎಂದಳು. ಪಕ್ಕದಲ್ಲಿ ನಿಂತು ಕೇಳಿದ ಯಶ್ಮಿತಾಳಿಗೆ, ಆ ದನಿ ಅಪ್ಪನ ಆಫೀಸಿಗೆ ಹೇಳುತ್ತಿದ್ದ ದನಿಯೇ ಎಂದು ತಿಳಿಯಿತು. ತಿಳಿದದ್ದರಿಂದ ನೋವೂ ಆಗಲಿಲ್ಲ, ಸಿಟ್ಟೂ ಆಗಲಿಲ್ಲ. ಕಾಲು ಜೋಮು ಹಿಡಿದಾಗ ಒತ್ತಿ ನೋಡಿದಂತೆ ಅವಳು ಅದನ್ನು ಒತ್ತಿ ನೋಡಿದಳು.

ಮುಂದಿನ ಆದಿತ್ಯವಾರ ಅಮ್ಮ ಎಂದಿನಂತೆ ಬಾಲ್ದಿಯನ್ನು ಬಚ್ಚಲಿನ ಹಿಂದೆ ಇಟ್ಟಳು. ಚರಟದ ಮೇಲೆ ಬೂದು ಬಣ್ಣದ ಮಡ್ಡಿ ಹರಡಿಕೊಂಡಿತ್ತು. ಯಶ್ಮಿತಾ ಅದನ್ನು ಎತ್ತಿಕೊಂಡು ನಡೆದಳು. ತೆಂಗಿನ ಬುಡಕ್ಕೆ ಸುರಿಯಬಹುದಿತ್ತು. ಆದರೆ ಅಮ್ಮ ಕಿಟಕಿಯಲ್ಲಿದ್ದಳು, ರುಖಿಯಮ್ಮ ಗೇಟಿನಲ್ಲಿದ್ದರು.

“ನಿನ್ನನ್ನೇ ಕಾಯ್ತಾ ಇದ್ದೆ” ಎಂದರು ರುಖಿಯಮ್ಮ. “ಸೊಪ್ಪು ನಿಲ್ಲಿಸಿದೆ ನಾನು. ಆ ಹಲಸಿನ ಮರ ರಸ್ತೆ ಬದಿದು. ಅಡಿಯಲ್ಲಿ ಯಾರೆಲ್ಲ ಎಂತ ಬಿಸಾಡ್ತಾರೋ, ಎಲೆಗೆ ಎಂತ ತಾಗಿರ್ತದೋ. ಹಬ್ಬಕ್ಕೆ ಇನ್ನು ಹತ್ತೇ ದಿನ. ನಿಮ್ಮ ಬಾರ್ಲಿ ಒಂದೇ ಸಾಕು. ಅಮ್ಮನತ್ರ ಹೇಳು, ದಿನಾ ಸ್ವಲ್ಪ ಸ್ವಲ್ಪ ಕೊಟ್ಟರೆ ಉಪಕಾರ ಆಗ್ತದೆ. ನಿಮ್ಮ ಮನೆದ್ದಾದ್ರೆ ನನಗೆ ನೋಡ್ಬೇಕಂತ ಇಲ್ಲ.”

ಹೋತ ಹಗ್ಗ ಜಗ್ಗಿ ಬಾಲ್ದಿಯತ್ತ ಬಂತು. ಯಶ್ಮಿತಾ ಬಾಲ್ದಿಯನ್ನು ಕೆಳಗಿಡಲಿಲ್ಲ. ಕೈ ಅದನ್ನು ಎದೆಗೆ ಒತ್ತಿ ಹಿಡಿದಿತ್ತು. ಹಿಡಿಯಬೇಕೆಂದು ಅವಳು ಯೋಚಿಸಿರಲಿಲ್ಲ.

“ಇಡು ಮಗಳೇ, ಹಸಿವಾಗಿದೆ ಅದಕ್ಕೆ.”

“ಇದು ಹಳಸಿದೆ ರುಖಿಯಮ್ಮ.”

ಹೇಳಿದ ಮೇಲೆ ಇಷ್ಟು ಸಲೀಸಾದ ದಾರಿಯೊಂದಿತ್ತಲ್ಲ ಎನಿಸಿತು. ಹಳಸಿದೆ. ನಾಳೆ ಮಾಡಲಿಲ್ಲ ಎನ್ನಬಹುದು. ನಾಡಿದ್ದು ಕಲ್ಲು ಬಿತ್ತು ಎನ್ನಬಹುದು. ಹೋತ ಹತ್ತು ದಿನ ಸೊಪ್ಪು ತಿನ್ನುತ್ತದೆ. ಅಮ್ಮನಿಗೆ, ಅಣ್ಣನಿಗೆ, ರುಖಿಯಮ್ಮನಿಗೆ, ಯಾರಿಗೂ ಏನೂ ಆಗುವುದಿಲ್ಲ. ಜಾಂಡಿಸ್, ಜ್ವರ, ಕಲ್ಲು, ಹಳಸಿದ್ದು. ಆ ಮನೆಯಲ್ಲಿ ಹುಟ್ಟಿದವಳಿಗೆ ಒಂದೂ ಕಷ್ಟವಲ್ಲ.

ರುಖಿಯಮ್ಮ ಹತ್ತಿರ ಬಂದು ಬಾಲ್ದಿಯೊಳಗೆ ಇಣುಕಿದರು. ಮಡ್ಡಿಯ ಹುಳಿ ವಾಸನೆ ಅವರ ಮುಖಕ್ಕೆ ಬಡಿದಿರಬೇಕು. ತಲೆಯ ವಸ್ತ್ರದ ತುದಿಯನ್ನು ಮೂಗಿಗೆ ಹಿಡಿದರು. ಆದರೂ ಅವರ ಕಣ್ಣಲ್ಲಿ ಇದ್ದದ್ದು ಸಂಶಯವಲ್ಲ, ಚಿಂತೆ.

“ಹೌದಲ್ಲ. ಸೆಕೆಗೆ ಹಾಗಾಗ್ತದೆ.” ಅವರು ಹೋತದ ಬೆನ್ನ ಮೇಲೆ ಕೈಯಿಟ್ಟರು. “ನೀನು ಕಲಿತವಳು, ನಿನ್ನತ್ರ ಕೇಳ್ತೇನೆ. ಇಷ್ಟು ದಿನ ಇದು ತಿಂದದ್ದು ಸರಿ ಉಂಟಲ್ಲ? ಅದರಲ್ಲಿ ಬೇರೆ ಎಂತದೂ ಇರ್ಲಿಲ್ಲ ಅಲ್ವಾ?”

ಹಿಂದಿನಿಂದ ಅಮ್ಮ ಕರೆದಳು, “ಯಶೂ, ಬಾ ಇಲ್ಲಿ ಒಮ್ಮೆ.” ದೊಡ್ಡ ದನಿಯಲ್ಲ. ಕಿಟಕಿಯಿಂದ ಗೇಟಿನವರೆಗೆ ಕೇಳುವಷ್ಟು.

ಯಶ್ಮಿತಾ ತಿರುಗಲಿಲ್ಲ. ಇಷ್ಟು ಕಾಲ ಎಲ್ಲೂ ಇಲ್ಲದ ಎದೆಬಡಿತ ಕಿವಿಯವರೆಗೂ ಬಂದಿತ್ತು. ರುಖಿಯಮ್ಮ ತನ್ನನ್ನು ಇನ್ನು ಮಗಳೇ ಎಂದು ಕರೆಯಲಾರರು ಎಂದು ಗೊತ್ತಾಯಿತು. ಅದರಿಂದ ಅವಳಿಗೆ ನೋವಾಯಿತು, ನಿಜವಾಗಿಯೂ ನೋವಾಯಿತು.

“ಅಣ್ಣನಿಗೆ ಕಲ್ಲು ಇಲ್ಲ ರುಖಿಯಮ್ಮ” ಎಂದಳು. “ಅವ ಮನೆಯಲ್ಲಿ ಬಿಯರ್ ಮಾಡಿ ಕುಡಿತಾನೆ. ಇದು ಅದರ ಚರಟ.”