ಎರಡು ಪೆಡಲಿನ ಮೇಷ್ಟ್ರು

ಮೇಷ್ಟ್ರು ಬಾಗಿಲು ತೆಗೆದು ಕೂತರು, ಬೆಲ್ಟು ಎಳೆದು ಸಿಕ್ಕಿಸಿಕೊಂಡರು, ಕೈ ಚಾಚಿ ಎರಡನೇ ಕನ್ನಡಿಗಾಗಿ ತಡಕಾಡಿದರು. ಕನ್ನಡಿ ಇರಲಿಲ್ಲ. ಕಾಲೂರಿದ ಕಡೆ ಪೆಡಲೂ ಇರಲಿಲ್ಲ. ಎದುರಿಗೆ ಸ್ಟೇರಿಂಗು ಕೂಡ ಇಲ್ಲವೆಂಬುದು ಎಲ್ಲಕ್ಕಿಂತ ಕೊನೆಗೆ ಕಣ್ಣಿಗೆ ಬಿತ್ತು.

ಶೋರೂಮಿನ ಮಾರಾಟದಾಕೆ ಕೀಲಿ ಹಿಡಿದುಕೊಂಡು ಕಿಟಕಿಯ ಬಳಿ ಬಗ್ಗಿದಳು. "ಸರ್, ಓಡಿಸೋರು ನೀವು. ಆ ಕಡೆ."

ಒಂದೇ ಬೆಳಿಗ್ಗೆ ಇದು ಎರಡನೇ ಸಲ. ಅರ್ಧ ಗಂಟೆಯ ಹಿಂದೆ ಇನ್ನೊಂದು ಕಾರು ನೋಡಲು ಹೊರಟಾಗಲೂ ಅವರು ಹೀಗೆಯೇ ಪಕ್ಕದ ಸೀಟಿನಲ್ಲಿ ಹೋಗಿ ಕೂತಿದ್ದರು. ಆಗ ಗಾಜಿನ ಗೋಡೆಯ ಆಚೆ ಕೂತಿದ್ದ ಮ್ಯಾನೇಜರು ನಕ್ಕಿದ್ದ. ಈ ಸಲ ಅವನು ನಗಲಿಲ್ಲ, ಪಾಪ ಎನ್ನುವಂತೆ ನೋಡಿದ. ಮೇಷ್ಟ್ರಿಗೆ ನಕ್ಕಿದ್ದೇ ವಾಸಿ ಅನ್ನಿಸಿತು. ಬೆಲ್ಟು ಬಿಚ್ಚಿ ಇಳಿಯುವಾಗ ಕಾಲಡಿಯ ಮ್ಯಾಟು ಕಂಡಿತು. ಒಂದು ಕಡೆ ಅಂಗೈಯಗಲ ಸವೆದು ನೂಲು ಎದ್ದಿತ್ತು. ಓಡಿಸುವವರ ಮ್ಯಾಟು ಹಿಮ್ಮಡಿಯೂರಿ ಸವೆಯುವುದು ಸಹಜ. ತೊಳೆದು ಹಾಕುವಾಗ ಶೋರೂಮಿನವರು ಅದಲುಬದಲು ಮಾಡಿರಬೇಕು ಎಂದುಕೊಂಡು ಆಚೆ ಕಡೆಗೆ ನಡೆದರು.

ಇಪ್ಪತ್ತಾರು ವರ್ಷ ಅವರು ಡ್ರೈವಿಂಗ್ ಶಾಲೆಯಲ್ಲಿ ಕಲಿಸಿದ್ದರು. ಕಲಿಸುವವರ ಕಡೆ ಹಿಂದೆ ನೋಡಲು ಇನ್ನೊಂದು ಕನ್ನಡಿ, ಎರಡೇ ಪೆಡಲು: ಎಡಗಾಲಿಗೆ ಕ್ಲಚ್ಚು, ಬಲಗಾಲಿಗೆ ಬ್ರೇಕು. ಬ್ರೇಕಿನ ಬಲಕ್ಕೆ ಇರಬೇಕಾದ ಆಕ್ಸಿಲರೇಟರು ಇರುವುದಿಲ್ಲ. ಓಡಿಸುವುದು ಕಲಿಯುವವನ ಕೆಲಸ, ನಿಲ್ಲಿಸುವುದು ಮೇಷ್ಟ್ರ ಕೆಲಸ. ನಾಲ್ಕು ಸಾವಿರಕ್ಕೆ ಹತ್ತಿರ ಜನ ಅವರ ಪಕ್ಕದಲ್ಲಿ ಕೂತು ಕಲಿತು ಹೋದರು. ಒಂದು ಅಪಘಾತವೂ ಆಗಲಿಲ್ಲ. ಶಿಷ್ಯರು ಬೆನ್ನ ಹಿಂದೆ ಅವರನ್ನು ಬ್ರೇಕ್ ಮೇಷ್ಟ್ರು ಎನ್ನುತ್ತಿದ್ದರು, ಕೆಲವರು ಮುಖದೆದುರೇ ಅಂದರು. ಸಂಜೆ ಕಾರನ್ನು ಶಾಲೆಯ ಶೆಡ್ಡಿಗೆ ಬಿಟ್ಟು ಅವರು ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದರು. ಮೇಷ್ಟ್ರಾಗುವ ಮೊದಲು ಎರಡು ವರ್ಷ ಬೇಕರಿಯ ವ್ಯಾನು ಓಡಿಸಿದ್ದುಂಟು. ಆ ವ್ಯಾನು ಐವತ್ತು ದಾಟುತ್ತಿದ್ದುದು ಇಳಿಜಾರಿನಲ್ಲಿ ಮಾತ್ರ.

ಆಸೆ ಹುಟ್ಟಿದ್ದು ಒಂದು ಸಿಗ್ನಲಿನಲ್ಲಿ. ಏಳು ವರ್ಷದ ಹಿಂದಿನ ಮಾತು. ಶಾಲೆಯ ಕಾರಿನ ಪಕ್ಕದಲ್ಲಿ ಎರಡು ಬಾಗಿಲಿನ, ನೆಲಕ್ಕಂಟಿದ ಒಂದು ಕಾರು ಬಂದು ನಿಂತಿತು. ಹಸಿರು ದೀಪ ಬಿದ್ದಾಗ, ಶಿಷ್ಯನಾಗಿ ಕೂತಿದ್ದ ದಂತವೈದ್ಯರು ಮೊದಲನೇ ಗೇರು ಹುಡುಕುವಷ್ಟರಲ್ಲಿ ಅದು ಸೇತುವೆಯ ಆಚೆ ತುದಿ ಮುಟ್ಟಿತ್ತು. ಉಳಿದದ್ದು ಸದ್ದು ಮಾತ್ರ. ಜಂಬವಿಲ್ಲದ, ಇನ್ನೂ ಬೇಕಾದಷ್ಟಿದೆ ಎನ್ನುವಂಥ ಸದ್ದು. ಅವತ್ತು ದಂತವೈದ್ಯರ ಕಾರು ಮೂರು ಸಲ ಆಫಾಯಿತು. ಮೇಷ್ಟ್ರು ಬಯ್ಯಲಿಲ್ಲ.

ಅಲ್ಲಿಂದ ಶುರುವಾಯಿತು ನೋಟ್‌ಬುಕ್ಕು. ಪುಟಕ್ಕೆ ಮೂರು ಗೆರೆ ಎಳೆದು ಬೆಲೆ, ಓಟ, ಸೌಕರ್ಯ ಎಂದು ಬರೆಯುತ್ತಿದ್ದರು. ಹೊಸ ಮಾದರಿ ಬಂದಾಗಲೆಲ್ಲ ಹೊಸ ಪುಟ. ಅಳೆದೂ ಸುರಿದೂ ಕೊನೆಗೆ ಉಳಿದದ್ದು ಎರಡು. ಎರಡು ಬಾಗಿಲಿನದು ಹದಿನಾರು ಲಕ್ಷದ ತೊಂಬತ್ತು ಸಾವಿರ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಏಳೂವರೆ ಸೆಕೆಂಡು. ಸೌಕರ್ಯದ ಕಾಲಮ್ಮಿನಲ್ಲಿ ಬರೆಯಲು ಏನೂ ಇಲ್ಲದೆ ಅಡ್ಡಗೆರೆ. ನಾಲ್ಕು ಬಾಗಿಲಿನದು ಹದಿನೈದು ಲಕ್ಷದ ಎಪ್ಪತ್ತೈದು ಸಾವಿರ, ಒಂಬತ್ತು ಸೆಕೆಂಡು. ಆದರೆ ಅದರ ಸುರಕ್ಷಾ ಪ್ಯಾಕೇಜು ಬೇಕೆಂದರೆ ಇನ್ನೊಂದು ಲಕ್ಷದ ನಲವತ್ತು ಸಾವಿರ. ಅಲ್ಲಿಗೆ ಅಗ್ಗದ್ದೇ ಇಪ್ಪತ್ತೈದು ಸಾವಿರ ದುಬಾರಿಯಾಗುತ್ತಿತ್ತು. ಈ ಕಡೆಯ ತಕ್ಕಡಿ ಏರಿದರೆ ಆ ಕಡೆಯದು ಇಳಿಯುತ್ತಿತ್ತು. ಹೋದ ತಿಂಗಳು ಕೆಲಸದಿಂದ ನಿವೃತ್ತರಾಗಿ ಒಟ್ಟಿಗೆ ಹದಿನೆಂಟು ಲಕ್ಷ ಕೈಗೆ ಬಂದಿತ್ತು. ಇಂಥ ಮೊತ್ತ ಇನ್ನೊಂದು ಸಲ ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು.

ಹೆಂಡತಿ ಟೈಲರು, ಮನೆಯ ಮುಂದಿನ ಕೋಣೆಯಲ್ಲೇ ಅವಳ ಮಷಿನು. ಕಾರು ಬೇಡವೆಂದು ಅವಳು ಯಾವತ್ತೂ ಹೇಳಿದವಳಲ್ಲ. ಅವಳು ಕೇಳಿದ್ದು ಒಂದೇ: ಡಿಕ್ಕಿಯಲ್ಲಿ ಹೊಲಿಗೆ ಮಷಿನು ಹಿಡಿಸುತ್ತದೆಯೇ. ರಿಪೇರಿಗೆ ಒಯ್ಯುವಾಗ ಪ್ರತಿ ಸಲವೂ ಆಟೋದವನ ಕೈಕಾಲು ಹಿಡಿಯಬೇಕಾಗಿತ್ತು. ಇವತ್ತು ಅವರು ಹೊರಡುವಾಗ ಸಮವಸ್ತ್ರದ ರಾಶಿಯಿಂದ ತಲೆಯೆತ್ತದೆ ಅಂದಳು: "ನನ್ನ ಒಪ್ಕೊಳ್ಳೋಕೆ ನಿಮಗೆ ಅರ್ಧ ಗಂಟೆ ಸಾಕಾಗಿತ್ತು. ಇವತ್ತು ಒಂದನ್ನ ಆರಿಸ್ಕೊಂಡು ಬನ್ನಿ. ಇಲ್ದಿದ್ರೆ ಆ ನೋಟ್‌ಬುಕ್ಕನ್ನ ಹಳೇ ಪೇಪರಿನವನಿಗೆ ತೂಕಕ್ಕೆ ಹಾಕ್ತೀನಿ."

ಬೆಳಿಗ್ಗೆ ನಾಲ್ಕು ಬಾಗಿಲಿನದನ್ನು ಓಡಿಸಿ ಆಗಿತ್ತು. ಅದರಲ್ಲಿ ಎಲ್ಲವೂ ಇತ್ತು. ಸೀಟು ತಾನೇ ಸರಿದು ಅಳತೆಗೆ ನಿಂತಿತು, ಮೇಲಿನ ಗಾಜು ಸರಿದು ಆಕಾಶ ಕಾಣಿಸಿತು. ಗಲ್ಲಿಯೊಂದರಿಂದ ಸಾಮಾನಿನ ವ್ಯಾನು ಹಿಮ್ಮುಖವಾಗಿ ನುಗ್ಗಿದಾಗ, ಮೇಷ್ಟ್ರ ಕಾಲು ಪೆಡಲು ಮುಟ್ಟುವ ಮೊದಲೇ ಕಾರು ಪೀಪ್ ಎಂದು ನಿಂತುಬಿಟ್ಟಿತು. ಕಾಲು ತಡವಾಗಿ ತಲುಪಿ, ಆಗಲೇ ಕೆಳಗಿಳಿದಿದ್ದ ಪೆಡಲನ್ನು ಒತ್ತಿತು.

"ನೋಡಿದ್ರಾ ಸರ್, ತಾನೇ ಬ್ರೇಕ್ ಹಾಕ್ತು. ಸುರಕ್ಷಾ ಪ್ಯಾಕೇಜು ಅಂದ್ರೆ ಇದೇ," ಎಂದಳು ಮಾರಾಟದಾಕೆ.

"ಹಾಕ್ತು," ಎಂದರು ಮೇಷ್ಟ್ರು. ಶೋರೂಮಿಗೆ ಮರಳುವವರೆಗೂ, ತನ್ನಂಥವನೇ ಇನ್ನೊಬ್ಬ ಎಲ್ಲೋ ಕಾಣದಂತೆ ಕೂತು ಕಾಯುತ್ತಿದ್ದಾನೆ ಅನ್ನಿಸುತ್ತಿತ್ತು.

ಈಗ ಎರಡು ಬಾಗಿಲಿನದು. ಸೀಟನ್ನು ಕೈಯಿಂದಲೇ ಎಳೆದುಕೊಳ್ಳಬೇಕು, ಕ್ಲಚ್ಚು ಗಟ್ಟಿ. ಕೀಲಿ ತಿರುಗಿಸಿದಾಗ ಅದೇ ಸದ್ದು ಬೆನ್ನಿನ ಕೆಳಗಿನಿಂದ ಎದ್ದು ಬಂತು. ಮೇಷ್ಟ್ರು ಗೇರು ಹಾಕದೆ ಅದನ್ನು ಕೇಳುತ್ತ ಕೂತರು. ಮಾರಾಟದಾಕೆಯೂ ಅವಸರ ಮಾಡಲಿಲ್ಲ. ಮೂವತ್ತೈದು ದಾಟಿದ ಹೆಂಗಸು, ಕಿವಿಯ ಹತ್ತಿರ ಕೂದಲು ನರೆತಿತ್ತು; ಗಿರಾಕಿಗಳನ್ನು ಬಲ್ಲವಳು.

ಭಾನುವಾರವಾದ್ದರಿಂದ ಗೋದಾಮುಗಳ ರಸ್ತೆ ಖಾಲಿಯಿತ್ತು. ಎರಡೂ ಕಡೆ ಉದ್ದಕ್ಕೆ ತಗಡಿನ ಗೋಡೆಗಳು, ಮುಚ್ಚಿದ ಷಟರುಗಳು, ನಾಲ್ಕು ಕಿಲೋಮೀಟರು ನೇರ. ಮೂರನೇ ಗೇರಿನಲ್ಲಿ ಮುಳ್ಳು ನಲವತ್ತಕ್ಕೆ, ಐವತ್ತಕ್ಕೆ, ಅರವತ್ತಕ್ಕೆ ಏರಿತು. ಅಷ್ಟರಲ್ಲಿ ಬಲಗಾಲು ಆಕ್ಸಿಲರೇಟರು ಬಿಟ್ಟು ಬ್ರೇಕಿನ ಮೇಲೆ ಹೋಗಿ ಕೂತಿತು. ಮೇಷ್ಟ್ರು ಅದಕ್ಕೆ ಹಾಗೆ ಹೇಳಿರಲಿಲ್ಲ. ಇನ್ನೊಮ್ಮೆ ಏರಿಸಿದರು. ಅರವತ್ತಕ್ಕೆ ಕಾಲು ಮತ್ತೆ ಸರಿಯಿತು. ಮೂರನೇ ಸಲ ಹಲ್ಲು ಕಚ್ಚಿ ಹಿಡಿದರು; ಅರವತ್ತೆರಡು ಕಂಡಿತು, ಅಷ್ಟೇ. ಎತ್ತು ಏರಿಗೆ, ಕೋಣ ನೀರಿಗೆ. ಎದುರಿಗೆ ಒಂದು ನಾಯಿಯೂ ಇಲ್ಲದ ರಸ್ತೆಯಲ್ಲಿ ಕಾರು ಗುಟುರು ಹಾಕುತ್ತ ನಿಧಾನವಾಯಿತು.

"ಈ ಕಾರಿಗೆ ಅರವತ್ತು ಅಂದ್ರೆ ನಿದ್ದೇಲಿ ನಡೆದ ಹಾಗೆ ಸರ್," ಎಂದಳು ಅವಳು.

"ಗೊತ್ತು."

ಮೇಷ್ಟ್ರು ಕಾರನ್ನು ಬದಿಗೆ ತಂದು ನಿಲ್ಲಿಸಿದರು. ಅವರು ತಮ್ಮ ಕೆಲಸದ ಬಗ್ಗೆ, ಎರಡು ಪೆಡಲಿನ ಬಗ್ಗೆ ಹೇಳಿದರು. ಕ್ಷಮೆ ಕೇಳುವವರ ಹಾಗೆ, ಆದರೆ ವರ್ಷ, ಸಂಖ್ಯೆ ಎಲ್ಲ ಸರಿಯಾಗಿ ಲೆಕ್ಕ ಕೊಟ್ಟು ಹೇಳಿದರು. ಅವಳು ನಗಲಿಲ್ಲ. ತನ್ನ ಕಾಲನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡು ನೆಲ ತೋರಿಸಿದಳು.

"ನೋಡಿ. ಎರಡು ವರ್ಷದ ಸವೆತ ಇದು. ದಿನಕ್ಕೆ ಐದು ಜನ, ಆರು ಜನ. ಹದಿನೆಂಟು ವರ್ಷದೋನೂ ಬರ್ತಾನೆ, ಎಪ್ಪತ್ತು ವರ್ಷದೋನೂ ಬರ್ತಾನೆ. ಎಲ್ರಿಗೂ ಈ ರಸ್ತೆಲೇ ಹಾರ್ಬೇಕು. ನಿಮಗಾದ್ರೂ ಎರಡು ಪೆಡಲು ಇತ್ತು ಸರ್."

ಮೇಷ್ಟ್ರು ಸವೆದ ಮ್ಯಾಟನ್ನು ನೋಡಿದರು. ಅದಲುಬದಲಾಗಿರಲಿಲ್ಲ. ತಪ್ಪಿ ಆ ಸೀಟಿನಲ್ಲಿ ಕೂತಾಗ ತನ್ನ ಕಾಲು ಊರಿದ್ದೂ ಅಲ್ಲಿಯೇ.

"ಇವತ್ತು ನನ್ನ ಕಾಲಿಗೆ ಕೆಲಸನೇ ಇರ್ಲಿಲ್ಲ," ಎಂದಳು ಅವಳು. "ನಿಮ್ಮ ಪಕ್ಕ ಕೂತ್ರೆ ನಿದ್ದೆ ಮಾಡ್ಬಹುದು."

ಅವಳು ಮೆಚ್ಚಿ ಹೇಳಿದ ಮಾತು ಅದು. ಮೇಷ್ಟ್ರಿಗೆ ಅದು ಕಾಲಿನ ಮುಳ್ಳಿನ ಹಾಗೆ ನೆಟ್ಟಿತು. ಶಾಲೆ ಬಿಡುವ ದಿನ ಭಾಷಣ ಮಾಡಿದವರೆಲ್ಲ ಹೇಳಿದ್ದೂ ಇದನ್ನೇ. ಸ್ಟೇರಿಂಗಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತ ಕೇಳಿದರು: "ನೀವು ಇದನ್ನ ಓಡಿಸಿದ್ದೀರಾ?"

"ತೊಳೆಯೋ ಜಾಗದಿಂದ ಗೇಟಿನ ತನಕ."

"ಲೈಸೆನ್ಸ್ ಇದೆಯಲ್ಲ?"

"ಇದೆ. ಓಡಿಸ್ಬಾರ್ದು ಅಂತ ರೂಲೂ ಇಲ್ಲ." ಅವಳು ಕಿಟಕಿಯ ಕಡೆ ತಿರುಗಿದಳು. "ಯಾರೂ ಕೇಳಿಲ್ಲ, ಅಷ್ಟೇ."

ಇಬ್ಬರೂ ಇಳಿದು, ಬಾನೆಟ್ಟಿನ ಮುಂದೆ ಒಬ್ಬರನ್ನೊಬ್ಬರು ದಾಟಿ, ಸೀಟು ಬದಲಿಸಿದರು. ಅವಳು ಕನ್ನಡಿ ಸರಿಮಾಡಿಕೊಂಡಳು, ಹಿಂದೆ ನೋಡಿದಳು, ಆಮೇಲೆ ಗೇರು ಹಾಕಿದಳು. ಎಲ್ಲ ಕ್ರಮವಾಗಿಯೇ ಇತ್ತು. ಯಾರೋ ಚೆನ್ನಾಗಿ ಕಲಿಸಿದ್ದರು. ಎರಡನೇ ಗೇರಿನಲ್ಲಿ ಅವಳು ಒಮ್ಮೆ ಅನುಮಾನಿಸಿದಳು. ಮೂರನೇ ಗೇರಿನಲ್ಲಿ ಅನುಮಾನಿಸಲಿಲ್ಲ. ಸೀಟು ಮೇಷ್ಟ್ರ ಬೆನ್ನನ್ನು ಹಿಂದಿನಿಂದ ತಳ್ಳಿತು. ಅರವತ್ತು ಎಲ್ಲಿ ಬಂತು, ಎಲ್ಲಿ ಹೋಯಿತು ತಿಳಿಯಲಿಲ್ಲ. ಅವರ ಬಲಗಾಲು ಸವೆದ ಜಾಗವನ್ನು ಹುಡುಕಿಕೊಂಡು ಹೋಗಿ ಒತ್ತಿತು, ಇನ್ನೂ ಒತ್ತಿತು. ಏನೂ ನಿಲ್ಲಲಿಲ್ಲ. ಷಟರುಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಒಂದೇ ಬೂದು ಪಟ್ಟಿಯಾದವು. ಏಳು ವರ್ಷ ಸೇತುವೆಯ ಆಚೆಗೆ ಮಾಯವಾಗುತ್ತಿದ್ದ ಆ ಸದ್ದು ಈಗ ಎಲ್ಲಿಗೂ ಹೋಗದೆ ಅವರ ಜೊತೆಗೇ ಇತ್ತು. ಅವರು ಮುಳ್ಳನ್ನು ನೋಡಲಿಲ್ಲ. ಓಡಿಸುವವಳ ಬಲಗಾಲನ್ನು, ಹಸಿದವನು ಇನ್ನೊಬ್ಬರ ಎಲೆ ನೋಡುವಂತೆ ನೋಡುತ್ತಿದ್ದರು.

ರಸ್ತೆಯ ಕೊನೆಯಲ್ಲಿ ಅವಳು ಹದವಾಗಿ ಬ್ರೇಕು ಹಾಕಿ ನಿಲ್ಲಿಸಿದಳು. "ನೂರಾ ಹತ್ತು," ಎಂದಳು, ಯಾರಿಗೆ ಹೇಳಬೇಕೆಂದು ತಿಳಿಯದವಳಂತೆ. ಮರಳುವಾಗ ಮೇಷ್ಟ್ರೇ ಓಡಿಸಿದರು. ಐವತ್ತೆಂಟು ದಾಟಲಿಲ್ಲ.

ಮ್ಯಾನೇಜರು ನಾಲ್ಕು ಬಾಗಿಲಿನದರ ಫಾರಮ್ಮನ್ನು ಆಗಲೇ ಅರ್ಧ ತುಂಬಿಸಿಟ್ಟಿದ್ದ. ಸುರಕ್ಷಾ ಪ್ಯಾಕೇಜಿನ ಬೆಲೆಯಲ್ಲಿ ಹತ್ತು ಸಾವಿರ ಬಿಡುವುದಾಗಿಯೂ, ಮೇಷ್ಟ್ರ ವಯಸ್ಸಿನವರೆಲ್ಲ ಅದನ್ನೇ ಒಯ್ಯುತ್ತಾರೆಂದೂ ವಿವರಿಸಿದ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ನೋಟ್‌ಬುಕ್ಕು ತೆಗೆದು, ಕೊನೆಯ ಪುಟ ನೋಡಿ, ಮುಚ್ಚಿ ಜೇಬಿಗಿಟ್ಟರು. ಆಮೇಲೆ ಇನ್ನೊಂದು ಫಾರಮ್ಮು ಕೊಡಿ ಎಂದರು. ಮಾರಾಟದಾಕೆ ತಂದುಕೊಟ್ಟಳು. ಹೆಚ್ಚಿನ ಸೌಕರ್ಯ ಎಂಬ ಚೌಕದಲ್ಲಿ ಅಡ್ಡಗೆರೆ ಎಳೆದು ಸಹಿ ಹಾಕಿದರು. ಕಾರು ಕೈಗೆ ಬರಲು ಆರು ವಾರ.

ಬಸ್‌ಸ್ಟಾಪಿನಲ್ಲಿ ನಿಂತಾಗ ಹೆಂಡತಿಯ ಫೋನು ಬಂತು. ಹಿಂದಿನಿಂದ ಮಷಿನಿನ ಸದ್ದು ಕೇಳುತ್ತಿತ್ತು.

"ಆರಿಸಿದ್ರಾ?"

"ಆರಿಸ್ದೆ."

"ಯಾವುದು?"

"ತಾನಾಗಿ ನಿಲ್ಲದೇ ಇರೋದು."

"ಮಷಿನು ಹಿಡಿಸುತ್ತಾ?"

"ಇಲ್ಲ."

ಆ ಕಡೆ ಮಷಿನಿನ ಸದ್ದು ನಿಂತಿತು.

"ನಾನು ಹಿಡಿಸ್ತೀನಾ?"

"ಪಕ್ಕದ ಸೀಟಿನಲ್ಲಿ," ಎಂದರು.

"ಸರಿ ಬಿಡಿ, ಆಟೋದವನು ಇದ್ದೇ ಇದ್ದಾನೆ," ಎಂದಳು. ಮಷಿನು ಮತ್ತೆ ಶುರುವಾಯಿತು.

ಬಸ್ಸು ಅರ್ಧ ಖಾಲಿಯಿತ್ತು. ಡ್ರೈವರನ ಪಕ್ಕದ ಸಾಲಿನ ಮೊದಲ ಸೀಟಿನಲ್ಲಿ, ಎದುರಿನ ಗಾಜು ಪೂರ್ತಿ ಕಾಣುವಲ್ಲಿ, ಮೇಷ್ಟ್ರು ಕೂತರು. ತಿರುವು ಕಳೆದು ಬಸ್ಸು ಗೋದಾಮುಗಳ ರಸ್ತೆಗೆ ಬಂದಾಗ ಡ್ರೈವರು ಗೇರು ಬದಲಿಸಿದ. ಮೇಷ್ಟ್ರ ಬಲಗಾಲು ಎಂದಿನಂತೆ ಮುಂದಕ್ಕೆ ಚಾಚಿಕೊಂಡು ತಗಡಿನ ನೆಲದಲ್ಲಿ ಬ್ರೇಕಿನ ಜಾಗ ಹಿಡಿಯಿತು. ಷಟರುಗಳು ಒಂದೊಂದಾಗಿ ಹಿಂದೆ ಸರಿಯತೊಡಗಿದವು. ಹಿಮ್ಮಡಿ ಇದ್ದಲ್ಲೇ ಇತ್ತು. ಪಾದ ಮಾತ್ರ ನಾಲ್ಕು ಬೆರಳಿನಷ್ಟು ಬಲಕ್ಕೆ ತಿರುಗಿ, ಬಸ್ಸು ವೇಗ ಹಿಡಿಯುತ್ತಿದ್ದಷ್ಟು ಹೊತ್ತೂ, ಮೆಲ್ಲಗೆ ಒತ್ತುತ್ತಲೇ ಇತ್ತು.